ಹದಿನೇಳನೇ ನಂಬರಿನ ಕಲ್ಲು

ಹದಿನೇಳನೇ ನಂಬರಿನ ಕಲ್ಲು ಕಲ್ಲುಪ್ಪಲ್ಲ ಎನ್ನುವುದು ಇಡೀ ಭೂವಿಜ್ಞಾನ ವಿಭಾಗದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಅದೇ ನೆನಪಾಗಿ, ಬಾಯಿ ತುಂಬ ನೊರೆ ಇಟ್ಟುಕೊಂಡು ಕಿಟಕಿಯ ಸರಳು ಹಿಡಿದು ನಿಂತುಬಿಟ್ಟಳು. ಹನ್ನೊಂದು ಗಂಟೆಗೆ ಪರೀಕ್ಷೆ. ಹತ್ತು ಕಲ್ಲು ಮುಂದಿಡುತ್ತಾರೆ. ಮುಟ್ಟಿ, ಗೀರಿ, ಕೈಯಲ್ಲಿ ತೂಗಿ ಹೆಸರು ಹೇಳಬೇಕು, ಯಾಕೆ ಹಾಗೆ ಹೇಳಿದೆ ಅನ್ನುವುದನ್ನೂ ಹೇಳಬೇಕು. ಎಂಟು ಸರಿಯಾದರೆ ದಿನಗೂಲಿಯ ಕಸ ಗುಡಿಸುವವಳು ಸ್ಟೋರಿನ ಸಹಾಯಕಿಯಾಗುತ್ತಾಳೆ, ಖಾಯಂ. ವಿದ್ಯಾರ್ಥಿಗಳ ಟ್ರೇಯಲ್ಲಿರುವ ಕಲ್ಲುಗಳನ್ನು ಅವಳು ನೂರು ಸಲ ಮುಟ್ಟಿದ್ದಾಳೆ, ಅವನ್ನಿಟ್ಟರೆ ಅದೇನು ಪರೀಕ್ಷೆ ಎಂದು ವಿಭಾಗದ ಮುಖ್ಯಸ್ಥೆ ಮೇಡಂ ಈ ಸಲ ಗಾಜಿನ ಬೀರುವಿನಿಂದಲೇ ಹತ್ತನ್ನು ಆರಿಸಿದ್ದರು. ನಿನ್ನೆ ಸಂಜೆ ಮೇಜು ಒರೆಸುವಾಗ ಪಟ್ಟಿ ಕಣ್ಣಿಗೆ ಬಿತ್ತು. ನೋಡಬಾರದಿತ್ತು. ಕೊನೆಯ ಸಾಲಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: ನಂಬರ್ ಹದಿನೇಳು, ಕಲ್ಲುಪ್ಪು.

ಮೂರು ದಾರಿ ಇದ್ದವು, ಮೂರೂ ಹಳ್ಳಕ್ಕೇ ಇಳಿಯುತ್ತಿದ್ದವು. ಕಲ್ಲುಪ್ಪು ಎಂದುಬಿಡಬಹುದು, ಆದರೆ ಹೊರಗಿನಿಂದ ಬರುವ ಪರೀಕ್ಷಕ ಒಂದು ತೊಟ್ಟು ಆಸಿಡ್ ಬಿಟ್ಟರೆ ಸಾಕು, ಬುರುಬುರು ನೊರೆ ಎದ್ದು ಅವಳ ಮಾನ ಅಲ್ಲೇ ಹರಿದುಹೋಗುತ್ತದೆ. ಇದು ಉಪ್ಪಲ್ಲ, ಕ್ಯಾಲ್ಸೈಟು, ಸುಣ್ಣದ ಕುಲದ್ದು ಎಂದು ನಿಜ ಹೇಳಬಹುದು. ಆಗ ಉಪ್ಪು ಎಲ್ಲಿ ಹೋಯಿತು, ಬೀರುವಿನ ಕೀಲಿಕೈ ಯಾರ ಹತ್ತಿರ ಇತ್ತು ಎಂದು ಶುರುವಾಗುತ್ತದೆ. ಕೀಲಿಕೈ ಇದ್ದದ್ದು ವಿಭಾಗದ ಸ್ಟೋರು ನೋಡಿಕೊಳ್ಳುತ್ತಿದ್ದ ಸ್ಟೋರಪ್ಪನ ಹತ್ತಿರ, ಮೂವತ್ನಾಲ್ಕು ವರ್ಷ. ಹೋದ ವರ್ಷ ನಿವೃತ್ತನಾಗಿ ಮನೆಯಲ್ಲಿ ಕೂತಿರುವ ಮುದುಕನ ಹಣೆಗೆ ಕಳ್ಳ ಎಂಬ ಚೀಟಿ ಅಂಟುತ್ತದೆ. ಇಲ್ಲವೇ, ಅದನ್ನು ಹಾಳು ಮಾಡಿದವಳು ನಾನೇ ಎನ್ನಬಹುದು. ಖಾಯಂ ಹಾಗಿರಲಿ, ಆಗ ಕೈಯಲ್ಲಿರುವ ಪೊರಕೆಯೂ ಹೋಗುತ್ತದೆ.

ಆಗ ಅವಳಿಗೆ ಇಪ್ಪತ್ತಾರು, ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಯಾರೋ ದೊಡ್ಡವರು ವಿಭಾಗ ನೋಡಲು ಬರುತ್ತಾರಂತೆ, ಎಲ್ಲ ಫಳಫಳ ಅನ್ನಬೇಕಂತೆ. ಸ್ಟೋರಪ್ಪ ಬೀರುವಿನ ಒಂದು ಹಲಗೆಯ ಮೂವತ್ತು ಕಲ್ಲುಗಳನ್ನು ಮೇಜಿನ ಮೇಲೆ ಸುರಿದು, ತೊಳಿ ಅಂತ ಒಂದೇ ಮಾತು ಹೇಳಿ ಹೋದ. ಎಲ್ಲವನ್ನೂ ನೀರಲ್ಲಿ ಹಾಕಬಹುದೇ ಎಂದು ಕೇಳಬೇಕೆನ್ನಿಸಿತ್ತು. ಕೇಳಲಿಲ್ಲ. ಅಷ್ಟೂ ಗೊತ್ತಿಲ್ಲವಾ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಹೆದರಿಕೆ ಆ ವಯಸ್ಸಿನಲ್ಲಿ ಬೇರೆ ಇರಲಿಲ್ಲ. ಸಂಜೆ ಸೋಪಿನ ಪುಡಿ ಕದಡಿದ ಬಿಸಿ ನೀರಿನ ಬಕೆಟ್ಟಿನಲ್ಲಿ ಮೂವತ್ತನ್ನೂ ನೆನೆಹಾಕಿ ಮನೆಗೆ ಹೋದಳು. ಬೆಳಿಗ್ಗೆ ಎಣಿಸಿದರೆ ಇಪ್ಪತ್ತೊಂಬತ್ತು. ಬಕೆಟ್ಟಿನ ಬುಡ ತಡವಿದಳು, ಮೋರಿಯಲ್ಲಿ ಕೈಹಾಕಿದಳು, ಮೇಜಿನಡಿ ತೆವಳಿದಳು. ಬೆವರು ಒರೆಸಿಕೊಳ್ಳಲು ಹೋದ ಒದ್ದೆ ಕೈ ತುಟಿಗೆ ತಾಗಿತು. ಉಪ್ಪು. ಮೊದಲು ನಗು ಬಂತು, ನಿಜವಾಗಿ ನಗು ಬಂತು, ಉಪ್ಪನ್ನು ತೊಳೆಯಲು ಹೋದವಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಅಂತ. ಆಮೇಲೆ ಕೆಲಸ ಹೋಗುತ್ತದೆ ಅನ್ನುವುದು ನೆನಪಾಯಿತು. ಒಡೆದ ಚೂರುಗಳ ಡಬ್ಬದಿಂದ ನಿಂಬೆಕಾಯಿ ಗಾತ್ರದ, ಹಾಲುಬಣ್ಣದ, ನುಣ್ಣಗೆ ಮುರಿದ ಒಂದನ್ನು ಹುಡುಕಿ, ಅದರ ಮೇಲೆ ಬಿಳಿ ಬಣ್ಣದ ಬೊಟ್ಟಿಟ್ಟು, ಕಪ್ಪು ಶಾಯಿಯಲ್ಲಿ ಹದಿನೇಳು ಎಂದು ಬರೆದಳು. ಸ್ಟೋರಪ್ಪ ಬಂದು ಎಣಿಸಿ ಬೀಗ ಹಾಕಿಕೊಂಡು ಹೋದ. ಅವತ್ತಿನಿಂದ ಆ ಬೀರುವಿನ ಗಾಜನ್ನು ದಿನವೂ ಹೊರಗಿನಿಂದ ಒರೆಸುತ್ತಾಳೆ, ಆದರೆ ಅವಳ ಕಣ್ಣು ಹದಿನಾರರ ಹತ್ತಿರ ನಿಂತು, ಒಮ್ಮೆ ನೆಲ ನೋಡಿ, ಹದಿನೆಂಟಕ್ಕೆ ಹೋಗುತ್ತದೆ.

ನೊರೆ ಉಗಿದು ಬಂದಾಗ ಅಮ್ಮ ಚಾಪೆಯ ಮೇಲೆ ಕೂತು ಮೊಣಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಜಲ್ಲಿ ಒಡೆದ ಕೈ, ಈಗ ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ನೆಟ್ಟಗಾಗುವುದೂ ಇಲ್ಲ. ಸುತ್ತಿಗೆಯ ಸದ್ದು ಕೇಳಿಯೇ ಯಾವ ಕಲ್ಲು ಎರಡು ಏಟಿಗೆ ಬೀಳುತ್ತದೆ, ಯಾವುದು ಹತ್ತಕ್ಕೂ ಜಗ್ಗುವುದಿಲ್ಲ ಎಂದು ಹೇಳುತ್ತಿದ್ದವಳು.

"ಕಲ್ಲಿಗೆ ಹೆಸರು ಹೇಳಿದ್ರೆ ಸಂಬಳ ಕೊಡ್ತಾರಾ?" ಎಂದಳು ಅಮ್ಮ. "ನಾವು ಅಷ್ಟು ಒಡೆದ್ವಿ, ಒಂದಾದ್ರೂ ನನ್ನ ಹೆಸರು ಇಂಥದ್ದು ಅನ್ನಲಿಲ್ಲ ನೋಡು."

ಅವಳಿಗೆ ನಗು ಬಂತು. ಆದರೆ ಅಮ್ಮ ಅಲ್ಲಿಗೆ ಬಿಡಲಿಲ್ಲ. ಮೇಡಮ್ಮಿಗೆ ಕೈಮುಗಿ, ಬಂದ ಸಾಹೇಬರಿಗೆ ಕೈಮುಗಿ, ಅವರು ಏನಂದರೂ ಹೂಂ ಅನ್ನು ಎಂದು ಹೇಳುತ್ತಲೇ ಇದ್ದಳು. ಅಮ್ಮ ಕೈಮುಗಿಯದವರು ಯಾರಿದ್ದರು? ಕೂಲಿ ಹಿಡಿದುಕೊಂಡ ಮೇಸ್ತ್ರಿಗೆ ಮುಗಿದಳು, ಕಲ್ಲಿನ ಧೂಳು ಎದೆಗಿಳಿದಾಗ ಮಾತ್ರೆ ಬರೆದವರಿಗೆ ಮುಗಿದಳು, ಬಸ್ಸಿನಲ್ಲಿ ಸರಿದು ಕೂತವರಿಗೂ ನಿಮ್ಮ ಉಪಕಾರ ದೊಡ್ಡದು ಎಂದು ಮುಗಿದಳು. ಕಿತ್ತುಕೊಂಡವರಿಗೂ ಉಪಕಾರ ಸ್ಮರಿಸುವ ಆ ಎರಡು ಕೈಗಳನ್ನು ನೋಡಿ ನೋಡಿ ಅವಳಿಗೆ ಆ ಮಾತಿನ ಮೇಲೆಯೇ ಹಗೆ ಹುಟ್ಟಿತ್ತು. ದುಡಿದದ್ದನ್ನು ಕೊಡುವಾಗ ಮುಖ ನೋಡಿ, ಏನನ್ನೋ ಕಾಯುತ್ತ ನಿಲ್ಲುತ್ತಾರಲ್ಲ, ಆ ಕಾಯುವಿಕೆಗೆ ಒಂದು ದಿನವೂ ಅವಳು ಏನನ್ನೂ ಹಾಕಿರಲಿಲ್ಲ.

ಸ್ಟೋರಪ್ಪನ ಬೀಳ್ಕೊಡುಗೆಯ ದಿನ ಅದಕ್ಕೇ ಆದದ್ದು. ಎಲ್ಲರೂ ಮಾತಾಡಿದ ಮೇಲೆ ಮೇಡಂ ಮೈಕಿನಲ್ಲಿ ಅವಳನ್ನು ಕರೆದರು. ಒಬ್ಬ ಕಸ ಗುಡಿಸುವ ಹೆಣ್ಣುಮಗಳಿಗೆ ಖನಿಜಗಳ ಹೆಸರು ಕಲಿಸಿದ ದೊಡ್ಡ ಮನಸ್ಸು ಅದು, ಆಕೆಯ ಬಾಯಿಂದಲೇ ಎರಡು ಮಾತು ಕೇಳೋಣ ಎಂದರು. ಚಪ್ಪಾಳೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೇಲೆ ಹೋದಳು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕೂತಿದ್ದ ಸ್ಟೋರಪ್ಪ ಅವಳತ್ತ ನೋಡುತ್ತಿರಲಿಲ್ಲ. ನೋಡಿದರೂ ಕಾಣುವಂತಿರಲಿಲ್ಲ ಎನ್ನುವುದು ಅವಳಿಗೆ ಮಾತ್ರ ಗೊತ್ತಿತ್ತು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಕೊನೆಯ ಆರು ವರ್ಷ ಅವನ ಕಣ್ಣಿಗೆ ಮಂಜು ಕವಿದಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆ, ಅದಕ್ಕೆ ಹೇಳಲಿಲ್ಲ. ಟ್ರೇ ಬೆರಕೆಯಾದಾಗ ಬೇರ್ಪಡಿಸಲು ಅವನಿಗೊಂದು ಜೊತೆ ಕಣ್ಣು ಬೇಕಿತ್ತು, ಅವಳನ್ನು ಸ್ಟೋರಿನ ಒಳಕ್ಕೆ ಕರೆದ. ಬಣ್ಣ ಹೇಳು ಎಂದು ಶುರುವಾದದ್ದು, ಬಣ್ಣಕ್ಕೆ ಏನು ಗೊತ್ತು ಮಣ್ಣು, ಪುಡಿಯ ಬಣ್ಣ ಹೇಳು ಎಂದು ಬಿಳಿ ಪಿಂಗಾಣಿ ಬಿಲ್ಲೆ ಕೈಗೆ ಕೊಡುವಲ್ಲಿಗೆ ಬಂತು. ಉಗುರಲ್ಲಿ ಗೀರು. ತಾಮ್ರದ ಬಿಲ್ಲೆಯಲ್ಲಿ ಗೀರು. ಚಾಕುವಿನಲ್ಲಿ ಗೀರು. ಯಾವುದಕ್ಕೆ ಸೋತಿತು ಹೇಳು. ಬೆಳಕಿಗೆ ಹಿಡಿ, ಲೋಹದ ಹಾಗೆ ಹೊಳೆಯುತ್ತಾ, ಗಾಜಿನ ಹಾಗಾ, ಎಣ್ಣೆ ಸವರಿದ ಹಾಗಾ. ತಪ್ಪು ಹೇಳಿದರೆ ಕತ್ತೆ, ಸರಿ ಹೇಳಿದರೆ ಮುಂದಿನದು ಎತ್ತು. ಭೇಷ್ ಅಂದದ್ದು ನೆನಪಿಲ್ಲ. ಇದನ್ನೆಲ್ಲ ಮೈಕಿನಲ್ಲಿ ಹೇಳಿದರೆ ಅವನ ಗುಟ್ಟು ಬಯಲು. ಹೇಳದೆ ಕೈಮುಗಿದರೆ ತನ್ನ ಆರು ವರ್ಷದ ಕಣ್ಣಿಗೆ ಬೆಲೆಯಿಲ್ಲ. ಮೈಕಿನ ಮುಂದೆ ಮೂಕಿಯಂತೆ ನಿಂತು, ಕೆಳಗಿಳಿದು, ತಿಂಡಿಯ ತಟ್ಟೆ ತೊಳೆಯಲು ಹೋದಳು. ಎಂಥ ಕೃತಘ್ನೆ ಎಂದು ಯಾರೋ ಅಂದದ್ದು ನಲ್ಲಿಯ ಸದ್ದಿನಲ್ಲೂ ಕೇಳಿಸಿತು.

ಹನ್ನೊಂದಕ್ಕೆ ಪ್ರಯೋಗಶಾಲೆಯ ಕಿಟಕಿಗಳೆಲ್ಲ ತೆರೆದಿದ್ದವು, ತೆರೆದವಳೂ ಅವಳೇ. ಉದ್ದ ಮೇಜಿನ ಆ ಬದಿ ಮೇಡಂ, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕ, ನೆಗಡಿ ಹಿಡಿದ ಸಣ್ಣ ಆಳು, ಕರವಸ್ತ್ರವನ್ನು ಮಡಚಿ ಮಡಚಿ ಮೂಗಿಗೆ ಒತ್ತುತ್ತಿದ್ದ. ನಡುವೆ ಹತ್ತು ಕಲ್ಲುಗಳ ಟ್ರೇ, ಪಕ್ಕದಲ್ಲಿ ಪಿಂಗಾಣಿ ಬಿಲ್ಲೆ, ತಾಮ್ರದ ಬಿಲ್ಲೆ, ಚಾಕು, ಗಾಜಿನ ತುಂಡು, ಅಯಸ್ಕಾಂತ, ಆಸಿಡ್ಡಿನ ಬಾಟಲಿ. ಅವಳು ನಿಂತೇ ಇದ್ದಳು. ಕೂತ್ಕೊಳ್ಳಿ ಅಮ್ಮಾ ಎಂದ ಪರೀಕ್ಷಕ. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಅಂತ. ಮೇಡಂ ಸ್ಟೂಲನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದರು.

ಮೊದಲನೆಯದು ಕಪ್ಪಗೆ, ಒರಟಾಗಿ, ಇದ್ದಲಿನ ಉಂಡೆಯಂತಿತ್ತು. ಬಿಲ್ಲೆಯ ಮೇಲೆ ಎಳೆದಳು, ಹೆಪ್ಪುಗಟ್ಟಿದ ರಕ್ತದಂಥ ಕೆಂಪು ಗೀಟು ಬಂತು. ಹೊರಗೆ ಏನೇ ಇರಲಿ ಒಳಗಿನದನ್ನು ಮುಚ್ಚಿಟ್ಟುಕೊಳ್ಳಲಾರದ ಈ ಕಲ್ಲನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಪ್ರೀತಿ. ಹೆಮಟೈಟು ಎಂದಳು, ದನಿ ಸರಿಯಾಗಿಯೇ ಹೊರಟಿತು. ಎರಡನೆಯದೂ ಕಪ್ಪೇ, ಆದರೆ ಗೀಟೂ ಕಪ್ಪು, ಅಯಸ್ಕಾಂತ ಹತ್ತಿರ ಬರುವ ಮೊದಲೇ ಹಾರಿ ಅಂಟಿಕೊಂಡಿತು. ಮೂರನೆಯದು ಚಿನ್ನದಂತೆ ಹೊಳೆದು ಬಿಲ್ಲೆಯ ಮೇಲೆ ಹಸಿರುಗಪ್ಪು ಬೂದಿ ಉದುರಿಸಿತು. ಚಿನ್ನವಾಗಿದ್ದರೆ ಗೀಟೂ ಹಳದಿ ಇರುತ್ತಿತ್ತು, ಇದು ಪೈರೈಟು. ಕಾಗೆಬಂಗಾರದ ಪದರವನ್ನು ಉಗುರಿನಿಂದ ಎಬ್ಬಿಸಿ ಕಿಟಕಿಯತ್ತ ಹಿಡಿದು ಬಗ್ಗಿಸಿ ಬಿಟ್ಟಳು, ಟಪ್ಪೆಂದು ನೆಟ್ಟಗಾಯಿತು. ಬಳಪದ ಕಲ್ಲು ಸೋಪಿನಂತೆ ಬೆರಳಿಂದ ಜಾರಿತು. ಬೆಣಚುಕಲ್ಲು ಗಾಜಿನ ಮೇಲೆ ಕಿರ್ ಎಂದು ಗಾಯ ಮಾಡಿತು. ಸೀಸದ ಅದಿರನ್ನು ಎತ್ತಿದ ಕೂಡಲೇ ಮಣಿಕಟ್ಟು ಹೇಳಿತು, ನೋಡುವುದೇ ಬೇಡವಾಗಿತ್ತು. ಒಂದು ಬಿಳಿಯದು ನೋಡಲು ಬಡಪಾಯಿ, ಎತ್ತಿದರೆ ಹೆಣಭಾರ, ಬೆರೈಟು ಎಂದಳು. ಬಿಳಿ ಕಲ್ಲು ಬೇಕಾದಷ್ಟಿವೆ, ಇಷ್ಟೇ ತುಂಡಿಗೆ ಇಷ್ಟು ಭಾರ ಬರೋದು ಇದೊಂದೇ ಸಾರ್ ಎಂದಾಗ ಪರೀಕ್ಷಕ ಕರವಸ್ತ್ರ ಕೆಳಗಿಟ್ಟ. ಒಂಬತ್ತನೆಯದು ಜಿಪ್ಸಮ್, ಉಗುರಿಗೇ ಸೋತಿತು. ಒಂಬತ್ತೂ ಸರಿ. ಸಾಕಿತ್ತು. ಎಂಟೇ ಸಾಕಿತ್ತು. ಈ ಕ್ಷಣ ಎದ್ದು ಹೋಗಬಹುದಾಗಿದ್ದರೆ ಅನ್ನಿಸಿತು. ಈ ಕಲ್ಲುಗಳು ಯಾರ ಮುಖವನ್ನೂ ನೋಡದೆ ತಾವು ಏನೋ ಅದನ್ನೇ ಹೇಳಿದ್ದವು, ಗೀರಿದವಳು ಯಾರು, ಅವಳ ಅಮ್ಮ ಏನು ಮಾಡುತ್ತಿದ್ದಳು ಎಂದು ಕೇಳಿರಲಿಲ್ಲ. ಅದಕ್ಕಾಗಿ ಅವುಗಳ ಮೇಲೆ ಉಕ್ಕಿಬಂದ ಭಾವಕ್ಕೆ ಹೆಸರು ಹುಡುಕುತ್ತಿರುವಾಗಲೇ ಮೇಡಂ ಹತ್ತನೆಯದನ್ನು ಅವಳ ಮುಂದೆ ಸರಿಸಿದರು.

ಅವಳು ಅದನ್ನು ನೋಡಲಿಲ್ಲ. ಹತ್ತೊಂಬತ್ತು ವರ್ಷ ನೋಡದೆ ಪಳಗಿದ ಕಣ್ಣು ತಾನಾಗಿಯೇ ಪಕ್ಕಕ್ಕೆ ಸರಿದು ಆಸಿಡ್ ಬಾಟಲಿಯ ಮುಚ್ಚಳದ ಮೇಲೆ ನಿಂತಿತು. ಕಲ್ಲುಪ್ಪು ಎನ್ನಲು ಬಾಯಿ ತೆರೆದದ್ದು ನಿಜ. ಆದರೆ ಈಗಷ್ಟೇ ಒಂಬತ್ತು ಕಲ್ಲುಗಳ ಜೊತೆ ಒಂದೂ ಸುಳ್ಳಾಡದೆ ಕೂತಿದ್ದ ನಾಲಿಗೆ ಮೊಂಡು ಹಿಡಿಯಿತು.

"ಇದು ಕಲ್ಲುಪ್ಪಲ್ಲ ಸಾರ್, ಕ್ಯಾಲ್ಸೈಟು" ಎಂದಳು. "ಉಪ್ಪನ್ನ ನಾನು ನೀರಲ್ಲಿ ಕರಗಿಸಿಬಿಟ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ. ಇದನ್ನ ತಂದಿಟ್ಟವಳು ನಾನೇ. ಸ್ಟೋರಪ್ಪನಿಗೆ ಗೊತ್ತಿಲ್ಲ, ಅವರದೇನೂ ತಪ್ಪಿಲ್ಲ."

ಮೇಡಮ್ಮಿನ ಪೆನ್ನು ನಿಂತಿತು. ಏನು ಹೇಳ್ತಿದೀಯ ಅಂತ ಗೊತ್ತಿದೆಯಾ ನಿನಗೆ ಎಂದು ಮೆಲ್ಲಗೆ ಕೇಳಿದರು; ಆ ಮೆಲುದನಿ ಬೈಗುಳಕ್ಕಿಂತ ತಣ್ಣಗಿತ್ತು. ಅವಳು ಪೊರಕೆಯನ್ನು ಎಲ್ಲಿಟ್ಟು ಬಂದೆ ಎಂದು ಯೋಚಿಸುತ್ತಿದ್ದಳು. ಹೋಗುವಾಗ ತನ್ನ ಟಿಫಿನ್ ಡಬ್ಬಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿದೆ, ಮರೆಯಬಾರದು.

"ಅದೆಲ್ಲ ಆಮೇಲೆ" ಎಂದ ಪರೀಕ್ಷಕ, ಮೂಗು ಒರೆಸಿಕೊಳ್ಳುತ್ತ. "ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಿ ಹೇಳಿದ್ರಿ. ಇದನ್ನೂ ಮಾಡಿ."

ಅವಳು ಕೈಚಾಚಿ ಎತ್ತಿಕೊಂಡಳು. ಹೆಬ್ಬೆರಳು ಅಭ್ಯಾಸದಂತೆ ಅಂಚು ಹುಡುಕಿತು. ಕ್ಯಾಲ್ಸೈಟಿನ ಮೂಲೆ ಯಾವತ್ತೂ ಓರೆ, ಯಾರೋ ಒಂದು ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದ ಹಾಗೆ. ಈ ಮೂಲೆ ನೆಟ್ಟಗಿತ್ತು. ಇನ್ನೊಂದು ಮೂಲೆ ನೋಡಿದಳು, ಅದೂ ನೆಟ್ಟಗೆ, ಗೋಡೆ ನೆಲಕ್ಕೆ ಕೂಡಿದ ಹಾಗೆ. ಕೈ ತಪ್ಪು ಹೇಳುತ್ತಿದೆ ಎಂದುಕೊಂಡು ಬಾಟಲಿಯಿಂದ ಒಂದು ತೊಟ್ಟು ಬಿಟ್ಟಳು. ನೊರೆ ಬರಲಿಲ್ಲ. ತೊಟ್ಟು ಸುಮ್ಮನೆ ಮಳೆಹನಿಯಂತೆ ಕೂತಿತ್ತು. ಅವಳು ಅದನ್ನು ಒರೆಸಿ, ಕಲ್ಲನ್ನು ತಿರುಗಿಸಿ, ಆಸಿಡ್ ತಾಗದ ಬದಿಗೆ ನಾಲಿಗೆಯ ತುದಿ ಮುಟ್ಟಿಸಿದಳು. ನಾಚಿಕೆಯಾಗಲಿಲ್ಲ. ಬಾಯಿ ತುಂಬ ನೀರೂರಿತು.

ಆಗ ಮೊದಲ ಸಲ ನೋಡಿದಳು. ಬಿಳಿ ಬೊಟ್ಟು ಹಳದಿಗಟ್ಟಿ ಬಿರುಕು ಬಿಟ್ಟಿತ್ತು, ನಿನ್ನೆ ಮೊನ್ನೆಯದಲ್ಲ. ಮೇಲಿನ ಅಂಕಿ ಅವಳು ಬರೆದದ್ದಾಗಿರಲಿಲ್ಲ. ಏಳರ ಬೆನ್ನಿಗೆ ಒಂದು ಅಡ್ಡಗೀಟು. ಸ್ಟೋರಿನ ಪ್ರತಿ ಡಬ್ಬಿಯ ಮೇಲೆ, ಪ್ರತಿ ಲೆಡ್ಜರಿನಲ್ಲಿ, ಏಳಕ್ಕೆ ಹೀಗೆ ಸೊಂಟಪಟ್ಟಿ ಕಟ್ಟುತ್ತಿದ್ದವನು ಒಬ್ಬನೇ. ಕೋಣೆಯಲ್ಲಿ ಗಾಳಿ ಆಡಿತು. ಎಷ್ಟು ವರ್ಷ ತನ್ನ ತಪ್ಪನ್ನು ಕಾವು ಕೊಟ್ಟು ಸಾಕಿಕೊಂಡು ಬಂದಿದ್ದಳೋ, ಅಷ್ಟೂ ವರ್ಷ ಅದು ಅಲ್ಲಿ ಇರಲೇ ಇಲ್ಲ. ಯಾರೋ ಅದನ್ನು ಎತ್ತಿ ಹೊರಗಿಟ್ಟು, ಹೇಳದೆ, ಕೇಳದೆ, ಮುಖ ನೋಡಿ ಕಾಯದೆ, ಬೀಗ ಹಾಕಿಕೊಂಡು ಹೋಗಿದ್ದರು.

"ಕಲ್ಲುಪ್ಪು ಸಾರ್" ಎಂದಳು. "ಮೂಲೆ ನೆಟ್ಟಗಿದೆ. ಆಸಿಡ್ಡಿಗೆ ನೊರೆ ಇಲ್ಲ. ನಾಲಿಗೆಗೆ ಉಪ್ಪು."

ಮೇಡಂ ಈಗ ಎದ್ದು ನಿಂತಿದ್ದರು. ಇದೆಂಥ ನಾಟಕ ಎಂದರು. ವಸ್ತುವನ್ನು ನಾಶ ಮಾಡಿದ್ದಾಗಿ ಅವಳೇ ಒಪ್ಪಿಕೊಂಡಿದ್ದಾಳೆ, ನಷ್ಟದ ವರದಿ ಹೋಗಲೇಬೇಕು, ಹಾಗಿದ್ದರೆ ಇದನ್ನು ಇಟ್ಟವರಾದರೂ ಯಾರು ಎಂದು ಕೇಳಿದರು. ಗೊತ್ತಿಲ್ಲ ಮೇಡಂ ಎಂದಳು ಅವಳು. ಇವತ್ತು ಆಡಿದ ಒಂದೇ ಸುಳ್ಳು, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಪರೀಕ್ಷಕ ಲೆಡ್ಜರನ್ನು ತನ್ನತ್ತ ಎಳೆದುಕೊಂಡು, ಬೆರಳಿಟ್ಟು, ಸೀನಿ, ಮತ್ತೆ ಬೆರಳಿಟ್ಟು ಹುಡುಕಿದ.

"ಲೆಡ್ಜರಲ್ಲಿ ಹದಿನೇಳು ಕಲ್ಲುಪ್ಪು ಅಂತಿದೆ. ಮೇಜಿನ ಮೇಲೂ ಕಲ್ಲುಪ್ಪೇ ಇದೆ. ಯಾವ ನಷ್ಟ ಅಂತ ಬರೀತೀರಿ ಮೇಡಂ?"

ಮೇಡಂ ಲೆಡ್ಜರನ್ನು ನೋಡಿದರು, ಕಲ್ಲನ್ನು ನೋಡಿದರು, ಕೂತರು. ಪರೀಕ್ಷಕ ಅಂಕಪಟ್ಟಿಯಲ್ಲಿ ಒಂಬತ್ತು ಎಂದು ಬರೆದ; ಮೊದಲು ಹೇಳಿದ್ದು ತಪ್ಪು, ಅದಕ್ಕೆ ಅಂಕ ಇಲ್ಲ ಎಂದು ಸ್ವಲ್ಪ ಬಿಗುವಾಗಿಯೇ ಹೇಳಿ ಸಹಿ ಮಾಡಿದ. ಮೇಡಂ ಸಹಿ ಮಾಡಲು ಬಹಳ ಹೊತ್ತು ತೆಗೆದುಕೊಂಡರು, ಮಾಡಿದರು, ತಲೆಯೆತ್ತಿ ಅವಳ ಮುಖ ನೋಡುತ್ತ ಕಾದರು. ಅವಳು ಟ್ರೇ ಎತ್ತಿಕೊಂಡು ಬೀರುವಿನ ಹತ್ತಿರ ಹೋಗಿ ಹದಿನೇಳನ್ನು ಹದಿನಾರು ಮತ್ತು ಹದಿನೆಂಟರ ನಡುವೆ ಇಟ್ಟಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತ.

ಮಧ್ಯಾಹ್ನ ಅರ್ಧ ದಿನದ ರಜೆ ಬರೆದು ಸ್ಟೋರಪ್ಪನ ಮನೆಗೆ ನಡೆದಳು. ಮಾರುಕಟ್ಟೆ ದಾಟಿ, ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಸಂದಿಯಲ್ಲಿ ಒಂದು ಕೋಣೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು, ಎಲ್ಲವೂ ಬೀಳ್ಕೊಡುಗೆಯ ಮೈಕಿನಲ್ಲಿ ಆಡಿದಂತಿದ್ದವು, ಒಂದೊಂದನ್ನೇ ರಸ್ತೆಯ ಮೇಲೆ ಬಿಟ್ಟಳು. ಸಿಟ್ಟೂ ಬಂತು. ಹೇಳಿಬಿಟ್ಟಿದ್ದರೆ ಇಷ್ಟು ವರ್ಷ ನನಗೆ ನಿದ್ದೆ ಬರುತ್ತಿತ್ತಲ್ಲ, ಮುದುಕಾ. ಆದರೆ ಹೇಳಿದ್ದರೆ ಅವತ್ತಿನಿಂದ ತಾನು ಅವನ ಮುಂದೆ ಬಗ್ಗಿ ನಡೆಯಬೇಕಾಗುತ್ತಿತ್ತು, ಕತ್ತೆ ಅಂದಾಗ ತಿರುಗಿ ನೀವೇ ಕತ್ತೆ ಅನ್ನಲಾಗುತ್ತಿರಲಿಲ್ಲ. ಆರು ವರ್ಷದಲ್ಲಿ ಎಷ್ಟು ಸಲ ಹಾಗಂದಿದ್ದಳು. ಆ ಸಲಿಗೆಯನ್ನು ಅವಳಿಗೆ ಉಳಿಸಿಟ್ಟವನು ಅವನೇ.

ಬಾಗಿಲು ತೆರೆದಿತ್ತು. ಸ್ಟೋರಪ್ಪ ಕುರ್ಚಿಯಲ್ಲಿ ಕೂತು, ಹೆಜ್ಜೆಯ ಸದ್ದಿಗೆ ಕಿವಿ ತಿರುಗಿಸಿದ. ಯಾರು ಎಂದು ಕೇಳಲಿಲ್ಲ.

"ಹತ್ತಕ್ಕೆ ಎಷ್ಟು?"

"ಒಂಬತ್ತು."

"ಹೋಗಿದ್ದು ಯಾವುದು?"

"ಹದಿನೇಳು."

ಪಕ್ಕದ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟರು, ಅವಳು ಒಳಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತಳು.

"ಮುಟ್ಟದೇ ಹೇಳಿದ್ಯಾ?"

"ಹೂಂ."

"ಕತ್ತೆ" ಎಂದ. ನಿಜವಾಗಿ ಸಿಟ್ಟು ಬಂದಿತ್ತು ಅವನಿಗೆ. ಅಂಥ ತುಂಡು ಸಿಗಲು ನಾಟಿ ಔಷಧದ ಅಂಗಡಿಗಳಲ್ಲಿ ಮೂರು ಭಾನುವಾರ ಅಲೆದದ್ದು, ಕೊನೆಗೆ ಒಬ್ಬ ಅಂಗಡಿಯವನನ್ನು ಕಾಡಿ ಬೇಡಿ ತಂದದ್ದು, ಎಲ್ಲವನ್ನೂ ಗೊಣಗುತ್ತ ಹೇಳಿದ, ಅವಳು ಆ ಉಪ್ಪಿಗೆ ಇವತ್ತು ಅವಮಾನ ಮಾಡಿದಳು ಎನ್ನುವಂತೆ. ತಾನಿಟ್ಟ ಕ್ಯಾಲ್ಸೈಟು ಏನಾಯಿತು ಎಂದು ಕೇಳಿದಳು. ನಿನ್ನ ಬೊಟ್ಟು ಕೆರೆದು ವಿದ್ಯಾರ್ಥಿಗಳ ಟ್ರೇಗೆ ಹಾಕಿದ್ದೆನಲ್ಲ, ನಿನ್ನ ಕೈಗೇ ಎಷ್ಟು ಸಲ ಕೊಟ್ಟಿದೀನಿ, ಒಂದು ಸಲವಾದರೂ ಗುರುತು ಹಿಡಿದೆಯಾ ಎಂದ.

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಉಪ್ಪನ್ನ ನೀರಿಗೆ ಹಾಕಬೇಡ ಅಂತ ಹೇಳದೇ ಕೊಟ್ಟವನು ನಾನು. ನಂದು ನಾನು ಸರಿ ಮಾಡ್ಕೊಂಡೆ. ನಿಂದು ನೀನು ಕಲಿತು ಸರಿ ಮಾಡ್ಕೊಂಡೆ." ಕುರ್ಚಿಯ ಕೈ ತಟ್ಟಿ, "ಅಲ್ಲಿಗೆ ಮುಗೀತಲ್ಲ" ಎಂದ.

ಅವನ ಮುಖದಲ್ಲಿ ಯಾವ ಕಾಯುವಿಕೆಯೂ ಇರಲಿಲ್ಲ. ಇದ್ದಿದ್ದರೆ ಅವಳು ಎಂದಿನಂತೆ ಬೆನ್ನು ತಿರುಗಿಸಿ ಹೋಗಿಬಿಡುತ್ತಿದ್ದಳು. ಇಲ್ಲದ್ದರಿಂದಲೇ ಆ ಮಾತು, ಅಮ್ಮನ ಬಾಯಲ್ಲಿ ಸವೆದು ಸವೆದು ತೂತಾಗಿದ್ದ ಆ ಮಾತು, ಈಗಷ್ಟೇ ಒಡೆದ ಕಲ್ಲಿನ ಮುಖದಂತೆ ಹೊಸದಾಗಿ ಅವಳ ಬಾಯಿಗೆ ಬಂತು.

"ನೀವು ಮಾಡಿದ ಉಪಕಾರ ದೊಡ್ಡದು" ಎಂದಳು. ದನಿ ಎತ್ತರಕ್ಕೂ ಹೋಗಲಿಲ್ಲ, ನಡುಗಲೂ ಇಲ್ಲ. ಬೆರೈಟು ಎಂದು ಹೇಳಿದ ಹಾಗೆಯೇ ಹೇಳಿದಳು.

ಸ್ಟೋರಪ್ಪ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ಎಲ್ಲಿ ನೋಡಬೇಕೆಂದು ತಿಳಿಯದೆ ಬೆಳಕು ಬರುವ ಕಡೆಗೆ ಮುಖ ಮಾಡಿದ.

"ಹೋಗೋದಾದ್ರೆ ಬಾಗಿಲು ಹಾಕ್ಕೊಂಡು ಹೋಗು" ಎಂದ. "ಧೂಳು ಬರುತ್ತೆ."

ಅವಳು ಎದ್ದು ಬಾಗಿಲು ಹಾಕಿದಳು, ಒಳಗಿನಿಂದ.